ಸೂರಿಲ್ಲದ ದೇವರು, ಪಟ್ಟ ಬಿಡದ ಅರಸರು

ಕೊಕ್ಕಡದ ಅಡಿಕೆ ತೋಟಗಳ ತಂಪು ದಾಟಿ ಸೌತಡ್ಕಕ್ಕೆ ಬಂದವರು ಮೊದಲು ಹುಡುಕುವುದು ದೇವಸ್ಥಾನವನ್ನು. ಅದು ಸಿಗುವುದಿಲ್ಲ. ಗೋಪುರವಿಲ್ಲ, ಗರ್ಭಗುಡಿಯಿಲ್ಲ, ತಲೆಯ ಮೇಲೆ ಮಾಡೂ ಇಲ್ಲ. ಬಯಲಿನಲ್ಲಿ ಮಹಾಗಣಪತಿ ಆರಾಮವಾಗಿ ಕೂತಿದ್ದಾನೆ. ಮಳೆ ಬಂದರೆ ನೆನೆಯುತ್ತಾನೆ, ಬಿಸಿಲು ಬಂದರೆ ಒಣಗುತ್ತಾನೆ. ಸುತ್ತ ಹರಕೆಯ ಗಂಟೆಗಳು ಸಾಲುಸಾಲಾಗಿ ತೂಗುತ್ತವೆ. ಅವಲಕ್ಕಿ ಪಂಚಕಜ್ಜಾಯ ಕೈಗೆ ಬೀಳುವ ಹೊತ್ತಿಗೆ ಯಾರಾದರೂ ಸ್ಥಳದ ಕತೆ ಹೇಳಿಯೇ ಹೇಳುತ್ತಾರೆ: ಈ ಗಣಪ ಹಿಂದೆ ಒಂದು ಅರಸು ಮನೆತನದ ಗುಡಿಯಲ್ಲಿದ್ದವನು. ಯುದ್ಧದಲ್ಲಿ ಗುಡಿ ಹಾಳಾಯಿತು. ದನ ಕಾಯುವ ಹುಡುಗರು ಮೂರ್ತಿಯನ್ನು ಹೊತ್ತು ತಂದು ಇಲ್ಲಿಟ್ಟು, ತಾವು ಬೆಳೆದ ಸೌತೆಕಾಯಿಯನ್ನೇ ನೈವೇದ್ಯ ಮಾಡಿದರು.

ಆ ಅರಸ ಯಾರು, ಗೆದ್ದವರು ಯಾರು ಎಂದು ಕತೆ ಹೇಳುವುದಿಲ್ಲ. ಆದರೆ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಈ ಮಣ್ಣಿನಲ್ಲಿ ಹಾಗೆ ಸೋತು ಗೆದ್ದ ಅರಸರಿಗೇನೂ ಬರವಿಲ್ಲ. ಬಂಗಾಡಿಯಲ್ಲಿ ಬಂಗರು, ವೇಣೂರಿನಲ್ಲಿ ಅಜಿಲರು, ಪುತ್ತಿಗೆ ಮತ್ತು ಮೂಡುಬಿದಿರೆಯಲ್ಲಿ ಚೌಟರು. ಇವರ ತಲೆಯ ಮೇಲೆ ಕಾಲಕಾಲಕ್ಕೆ ವಿಜಯನಗರದ ಅಧಿಕಾರಿ, ಕೆಳದಿಯ ನಾಯಕ, ಹೈದರ್, ಟಿಪ್ಪು, ಮದರಾಸಿನ ಗವರ್ನರ್. ಮೇಲಿನವರು ಬದಲಾಗುತ್ತ ಹೋದರು. ಕೆಳಗಿನವರು ಏನಾದರು ಎಂಬ ಕುತೂಹಲವೇ ನನ್ನನ್ನು ಈ ದಾರಿಗೆ ಹಚ್ಚಿತು.

ಬೆಳ್ತಂಗಡಿ ಸಮೀಪಿಸಿದಂತೆ ಗಡಾಯಿಕಲ್ಲು ಕಾಣಿಸಿಕೊಳ್ಳುತ್ತದೆ. ಹಸಿರಿನ ನಡುವಿನಿಂದ ಸುಮಾರು 1,700 ಅಡಿ ಎತ್ತರಕ್ಕೆ ಎದ್ದು ನಿಂತ ಒಂದೇ ಬಂಡೆ. ಕುದುರೆಮುಖದ ಸಾಲು ಬೆನ್ನಿಗಿದ್ದರೂ ಕಣ್ಣು ಇದನ್ನು ಬಿಟ್ಟು ಹೋಗುವುದಿಲ್ಲ. ನರಸಿಂಹಗಡವೆಂದು ಇದಕ್ಕೆ ಹಳೆಯ ಹೆಸರು. 1794ರಲ್ಲಿ ಟಿಪ್ಪು ಇಲ್ಲಿ ಕೋಟೆ ಕಟ್ಟಿಸಿ, ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಕರೆದ. ಬಂಡೆಯಲ್ಲೇ ಕಡಿದ 1,800ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಮೇಲೆ ನಿಂತರೆ, ಒಂದು ಸೀಮೆಯನ್ನು ಕಾಯುವುದಕ್ಕೆ ಇದಕ್ಕಿಂತ ದೊಡ್ಡ ಅಟ್ಟಳಿಗೆ ಬೇಡವೆನಿಸುತ್ತದೆ. ಆದರೂ ಕೋಟೆ ಟಿಪ್ಪುವಿನ ಕೈಯಲ್ಲಿ ಉಳಿದದ್ದು ಐದೇ ವರ್ಷ.

ಆ 1799ರ ಕತೆ ನೆನೆದರೆ ಮೆಟ್ಟಿಲು ಹತ್ತಿದ ಏದುಸಿರು ಇನ್ನಷ್ಟು ಹೆಚ್ಚುತ್ತದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರನ್ನು ಏನು ಮಾಡಬೇಕೆಂದು ತೀರ್ಮಾನಿಸಲು ಇಂಗ್ಲಿಷರು ಒಂದು ಆಯೋಗ ರಚಿಸಿದರು. ಅದರ ಇಬ್ಬರು ಕಾರ್ಯದರ್ಶಿಗಳಲ್ಲಿ ಒಬ್ಬ ಥಾಮಸ್ ಮನ್ರೋ. ಐದು ವರ್ಷದ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಆ ಹುಡುಗ ಹುಟ್ಟಿದ್ದು ಈ ಕೋಟೆ ಎದ್ದ 1794ರಲ್ಲೇ! ಆ ಕೆಲಸ ಮುಗಿಸಿದ ಮನ್ರೋ ಘಟ್ಟ ಇಳಿದು ಕೆನರಾದ ಕಲೆಕ್ಟರನಾಗಿ ಬಂದ. ಇಲ್ಲಿನ ಅರಸರೂ ಕಾದಿದ್ದರು. ಕೆಳದಿಯವರು ಕಸಿದದ್ದು, ಹೈದರ್ ಟಿಪ್ಪು ಮುಟ್ಟುಗೋಲು ಹಾಕಿದ್ದು ತಮಗೆ ಮರಳೀತೆಂಬ ಆಸೆ ಅವರದು. ಮೈಸೂರಿಗೆ ಸಿಕ್ಕ ಸಿಂಹಾಸನ ತುಳುನಾಡಿಗೆ ಸಿಗಲಿಲ್ಲ. ಸೀಮೆ ನೇರ ಕಂಪನಿಗೆ ಸೇರಿತು. ಅರಸರಲ್ಲಿ ಕೆಲವರಿಗೆ ದಕ್ಕಿದ್ದು ಪಿಂಚಣಿ.

ಮನ್ರೋ 1820ರಲ್ಲಿ ಮದರಾಸಿನ ಗವರ್ನರ್ ಆದ, 1827ರಲ್ಲಿ ಅದೇ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡ. ಅವನ ಹಿಂದೆ ಬಂದ ಗವರ್ನರುಗಳ ಹೆಸರು ಇಲ್ಲಿ ಯಾರಿಗೂ ನೆನಪಿಲ್ಲ. ಆದರೆ 1837ರ ದಂಗೆಯ ಹೆಸರುಗಳು ನೆನಪಿವೆ. 1834ರಲ್ಲಿ ಕೊಡಗಿನ ಅರಸೊತ್ತಿಗೆ ಮುಗಿದು, ಪುತ್ತೂರು ಸುಳ್ಯದ ಮಾಗಣೆಗಳು ಕೆನರಾ ಜಿಲ್ಲೆಗೆ ಸೇರಿದ್ದವು. ಧಾನ್ಯವಾಗಿ ಕೊಡುತ್ತಿದ್ದ ಕಂದಾಯವನ್ನು ಇನ್ನು ಮೇಲೆ ಹಣದಲ್ಲೇ ಕಟ್ಟಬೇಕೆಂದಾಗ ರೈತರು ಸಿಡಿದರು. ಕಲ್ಯಾಣಸ್ವಾಮಿ ಎಂಬವನ ಹೆಸರಿನಲ್ಲಿ ಹೊರಟ ದಂಡು ಬಂಟ್ವಾಳದ ದಾರಿಯಾಗಿ ಮಂಗಳೂರಿಗೆ ನುಗ್ಗಿ, ಕೆಲ ದಿನ ಊರನ್ನೇ ಹಿಡಿದುಕೊಂಡಿತು. ಆ ದಂಡಿನಲ್ಲಿ ಬಂಗ ಮನೆತನದ ಲಕ್ಷ್ಮಪ್ಪ ಬಂಗರಸರೂ ಇದ್ದರು. ದಂಗೆ ಅಡಗಿದ ಮೇಲೆ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಅವರಿಗೆ ಗಲ್ಲಾಯಿತು. ಬಂಗಾಡಿಯ ಗುಡ್ಡದ ತಪ್ಪಲಿನಲ್ಲೂ ನೇತ್ರಾವತಿ ದಡದ ನಂದಾವರದಲ್ಲೂ ಬಂಗರ ವೈಭವ ಹುಡುಕಿದರೆ ಕಣ್ಣಿಗೆ ಸಿಗುವುದು ಬಹಳ ಕಡಿಮೆ. ಗಲ್ಲಿಗೇರಿದವರ ಹೆಸರು ಮಾತ್ರ ನಿನ್ನೆಯದೆಂಬಂತೆ ಜನರ ಬಾಯಲ್ಲಿದೆ.

ವೇಣೂರಿನಲ್ಲಿ ಫಲ್ಗುಣಿಯ ದಡಕ್ಕೆ ಬಂದು ಬಾಹುಬಲಿಯ ಮುಂದೆ ನಿಂತಾಗ ಮಾತು ನಿಲ್ಲುತ್ತದೆ. 35 ಅಡಿಯ ಏಕಶಿಲೆ. 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ್ದು. ಕಾರ್ಕಳದಲ್ಲಿ 1432ರಲ್ಲೇ ಇದಕ್ಕಿಂತ ಎತ್ತರದ ಮೂರ್ತಿ ನಿಂತಿತ್ತು. ಪಕ್ಕದ ಸಣ್ಣ ಅರಸ ಇನ್ನೊಂದನ್ನು ಎಬ್ಬಿಸುವುದು ಕಾರ್ಕಳದ ಭೈರರಸನಿಗೆ ಸಹಿಸಲಾಗಲಿಲ್ಲವಂತೆ. ದಂಡು ಬರುವ ಸುದ್ದಿ ತಿಳಿದ ಅಜಿಲರು ಮೂರ್ತಿಯನ್ನು ಹೊಳೆಯ ಮರಳಿನಲ್ಲಿ ಹುಗಿದಿಟ್ಟು, ಗೆದ್ದ ಮೇಲೆ ಎತ್ತಿ ನಿಲ್ಲಿಸಿದರೆಂದು ಊರಿನವರು ಹೇಳುತ್ತಾರೆ. ಬಾಹುಬಲಿಯ ಕೆನ್ನೆಯ ಮೇಲೆ ಹೊಳೆಯುವ ಆ ತೆಳುನಗೆ ನೋಡಿದರೆ ಮರಳಿನಡಿಯ ಗುಟ್ಟು ಅವನಿಗೆ ಗೊತ್ತಿರಬಹುದೆನಿಸುತ್ತದೆ.

ಇದಕ್ಕಿಂತ ಬೆರಗು ಹುಟ್ಟಿಸುವುದು ಮುಂದಿನ ಕತೆ. ರಾಜ್ಯ ಹೋದರೂ ಅಜಿಲರ ಪಟ್ಟ ಹೋಗಲಿಲ್ಲ. ಅಳದಂಗಡಿಯ ಅರಮನೆಯಲ್ಲಿ ಆ ಮನೆತನ ಇಂದಿಗೂ ಇದೆ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಮಹಾಮಸ್ತಕಾಭಿಷೇಕದ ಹೊಣೆಯಲ್ಲಿ ಅದರ ಪಾಲಿದೆ. 2000, 2012, 2024: ಮೂರು ಅಭಿಷೇಕಗಳು ಈಗಿನ ತಲೆಮಾರಿನ ಕಣ್ಣೆದುರೇ ನಡೆದುಹೋದವು. ಕಂದಾಯ ಕೊಡುವ ಒಕ್ಕಲಿಲ್ಲ, ಕತ್ತಿ ಹಿಡಿಯುವ ಆಳಿಲ್ಲ. ಆದರೂ ಊರವರ ಬಾಯಲ್ಲಿ ಅವರು 'ಅರಸರು'.

ಮೂಡುಬಿದಿರೆಗೆ ಬಂದವರು ಸಾವಿರ ಕಂಬದ ಬಸದಿಗೆ ಹೋಗದೆ ಇರುವುದಿಲ್ಲ. 1430ರ ಹೊತ್ತಿಗೆ, ವಿಜಯನಗರದ ಪರವಾಗಿ ಈ ಸೀಮೆ ನೋಡಿಕೊಳ್ಳುತ್ತಿದ್ದ ದೇವರಾಯ ಒಡೆಯನ ಕಾಲದಲ್ಲಿ ಎದ್ದ ಬಸದಿ ಇದು. ಎರಡನೇ ದೇವರಾಯನ ರಾಜ್ಯಪಾಲನೆಂದು ಅವನನ್ನು ಕರೆದರೂ ತಪ್ಪಾಗದು. ಒಂದು ಕಂಬದಂತೆ ಇನ್ನೊಂದಿಲ್ಲವೆಂಬ ಮಾತು ನಿಜವೋ ನೋಡೋಣವೆಂದು ಹೊರಟವರು ನಾಲ್ಕಾರು ಕಂಬಗಳಲ್ಲೇ ದಾರಿ ತಪ್ಪುತ್ತಾರೆ. ಭೈರಾದೇವಿ ಮಂಟಪದ ಬುಡದಲ್ಲಿ ಬಗ್ಗಿ ನೋಡಿ: ಆಫ್ರಿಕದ ಜಿರಾಫೆಯಿದೆ, ಚೀನಾದ ಡ್ರ್ಯಾಗನ್ ಇದೆ! ಕರಿಮೆಣಸು ಮಾರಿದ ಸೆಟ್ಟಿಗಳ ಕಿವಿಗೆ ಯಾವ ಯಾವ ದೇಶದ ಸುದ್ದಿ ಬೀಳುತ್ತಿತ್ತೋ, ಶಿಲ್ಪಿ ಎಲ್ಲವನ್ನೂ ಕಲ್ಲಿಗೆ ಇಳಿಸಿದ್ದಾನೆ.

ಬಸದಿಯಿಂದ ದೂರವಿಲ್ಲದ ಚೌಟರ ಅರಮನೆಗೆ ಬರುವವರು ತೀರ ಕಡಿಮೆ. ಉಳ್ಳಾಲದ ರಾಣಿ ಅಬ್ಬಕ್ಕರ ಮನೆತನ ಇದು. ಅಳಿಯಸಂತಾನದ ಕಟ್ಟು ಇದ್ದುದರಿಂದ ಹೆಂಗಸರು ಪಟ್ಟಕ್ಕೇರುವುದು ಇಲ್ಲಿ ವಿಚಿತ್ರವಾಗಿರಲಿಲ್ಲ. ಗೋವೆಯ ಪೋರ್ಚುಗೀಸ್ ವೈಸ್‌ರಾಯ್‌ಗಳು ಉಳ್ಳಾಲಕ್ಕೆ ಹಡಗು ಕಳಿಸುವಾಗ ಎದುರು ನಿಂತದ್ದು ಈ ರಾಣಿಯರೇ. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೋ ದೆಲ್ಲ ವಾಲ್ಲೆ ಉಳ್ಳಾಲದ ರಾಣಿಯನ್ನು ಕಾಣಲು ಬಂದ. ಅವಳು ಅವನಿಗೆ ಸಿಕ್ಕಿದ್ದು ದಾರಿಯಲ್ಲಿ, ಬರಿಗಾಲಿನಲ್ಲಿ. ತೋಡು ಅಗೆಯುವ ಕೆಲಸ ನೋಡಿಕೊಳ್ಳಲು ಹೊರಟಿದ್ದಳು. ಯುರೋಪಿನ ಅರಮನೆಗಳನ್ನು ಕಂಡವನಿಗೆ ಅದು ಸೋಜಿಗ. ಗದ್ದೆಗೆ ನೀರು ಬಾರದಿದ್ದರೆ ಅರಸುತನವೇ ಇಲ್ಲವೆಂದು ಬಲ್ಲ ನಾಡಿಗೆ ಅದರಲ್ಲೇನೂ ಸೋಜಿಗವಿಲ್ಲ.

ಅರಮನೆಯ ಮರದ ಕಂಬಗಳ ಮುಂದೆ ಸಮಯ ಹೋದದ್ದು ತಿಳಿಯುವುದಿಲ್ಲ. ಒಂದರಲ್ಲಿ ಆನೆ. ಹತ್ತಿರ ಹೋದರೆ ಅದು ಆನೆಯಲ್ಲ, ಒಬ್ಬರೊಳಗೊಬ್ಬರು ಹೆಣೆದುಕೊಂಡ ಒಂಬತ್ತು ಹೆಂಗಸರು: ನವನಾರಿಕುಂಜರ. ಇನ್ನೊಂದರಲ್ಲಿ ಕುದುರೆ, ಅದು ಐವರು ಹೆಂಗಸರು: ಪಂಚನಾರಿತುರಗ. ಹೆಂಗಸರ ಹೆಗಲ ಮೇಲೆ ನಡೆದ ಅರಸೊತ್ತಿಗೆಗೆ ಇದಕ್ಕಿಂತ ತಕ್ಕ ಕೆತ್ತನೆ ಯಾವುದು? ಇಂಗ್ಲಿಷರ ಕಾಲದ ಗೆಜೆಟಿಯರೂ ಈ ಮನೆಯನ್ನು ಬಿಟ್ಟಿಲ್ಲ. ಕೆತ್ತನೆಯನ್ನು ಹೊಗಳಿ, ಚೌಟರ ವಂಶಸ್ಥರು ಸರ್ಕಾರದಿಂದ ಪಿಂಚಣಿ ಪಡೆಯುತ್ತಾರೆಂದು ದಾಖಲಿಸಿ ಮುಂದೆ ಹೋಗಿದೆ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿತು. ಅಂದು ರಾಜ್ಯಪಾಲರಾದವರು ಜಯಚಾಮರಾಜೇಂದ್ರ ಒಡೆಯರ್. 1940ರಿಂದ ಮಹಾರಾಜರು, 1950ರಿಂದ ರಾಜಪ್ರಮುಖರು, ಈಗ ರಾಷ್ಟ್ರಪತಿ ನೇಮಿಸಿದ ರಾಜ್ಯಪಾಲರು. ಘಟ್ಟದ ಕೆಳಗಿನ ಈ ಜನಕ್ಕೆ ಒಡೆಯರು ಸಿಕ್ಕಿದ್ದು ಕಿರೀಟದೊಂದಿಗಲ್ಲ, ಸಂವಿಧಾನದೊಂದಿಗೆ. 1964ರಲ್ಲಿ ಅವರು ಮದರಾಸಿಗೆ ರಾಜ್ಯಪಾಲರಾಗಿ ಹೋದರು. 1799ರಲ್ಲಿ ಅವರ ಪೂರ್ವಿಕರ ಪಟ್ಟದ ಕಾಗದಪತ್ರ ಬರೆದ ಮನ್ರೋ ಮುಂದೆ ಏರಿದ ಪದವಿಯ ಉತ್ತರಾಧಿಕಾರ ಅದು! ಚರಿತ್ರೆಗೆ ಇಷ್ಟು ಚೆಂದದ ಲೆಕ್ಕ ತೀರಿಸುವುದು ಗೊತ್ತಿದೆಯೆಂದು ನಾನು ಎಣಿಸಿರಲಿಲ್ಲ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿಯೊಂದಿಗೆ ರಾಜಧನವೂ ಹೋಯಿತು.

ಮೇಲಿನಿಂದ ಬಂದ ಅಧಿಕಾರ ಆದೇಶದ ಜೊತೆ ಬಂದು, ಆದೇಶದ ಜೊತೆ ಹೋಯಿತು. ತುಳುನಾಡಿನ ಅರಸುತನ ಉಳಿದದ್ದು ದೇವರ, ದೈವದ, ಊರಿನ ಕೆಲಸಕ್ಕೆ ನಿಲ್ಲುವ ಹೊಣೆಯಾಗಿ. ಆ ಹೊಣೆಗೆ ಪಿಂಚಣಿಯೂ ಇಲ್ಲ, ನಿವೃತ್ತಿಯೂ ಇಲ್ಲ. ವಾಡಿಕೆ ತಪ್ಪದಿದ್ದರೆ ವೇಣೂರಿನ ಮುಂದಿನ ಮಸ್ತಕಾಭಿಷೇಕ 2036ಕ್ಕೆ. ಅಲ್ಲಿಯವರೆಗೆ ಕಾಯುವುದು ಬೇಡ. ಮೂಡುಬಿದಿರೆಗೆ ಹೋದಾಗ ಬಸದಿಯನ್ನಷ್ಟೇ ನೋಡಿ ಹಿಂದಿರುಗಬೇಡಿ, ಚೌಟರ ಅರಮನೆಗೂ ಹೋಗಿ. ಅದು ಜನ ವಾಸವಿರುವ ಮನೆ. ಬಾಗಿಲಲ್ಲಿ ನಿಂತು ಅಪ್ಪಣೆ ಕೇಳಿ, ಕಂಬಗಳನ್ನು ಮುಟ್ಟದೆ ನೋಡಿ.