ಒಂದು ಪುಟದ ಪತ್ರ

ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಕಾದಂಬರಿಕಾರರು ತಮ್ಮ ಹಸ್ತಪ್ರತಿಯನ್ನು ದೊಡ್ಡ ಪ್ರಕಾಶಕರಿಗೆ ನೇರವಾಗಿ ಕಳುಹಿಸುವುದು ವಿರಳ. ಮೊದಲು ಸಾಹಿತ್ಯ ಏಜೆಂಟರೊಬ್ಬರು ಕೃತಿಯನ್ನು ಒಪ್ಪಿಕೊಳ್ಳಬೇಕು. ಅದಕ್ಕಾಗಿ ಬರೆಯುವ, ಸಾಮಾನ್ಯವಾಗಿ ಒಂದೇ ಪುಟದ ಪತ್ರಕ್ಕೆ ‘ಕ್ವೆರಿ ಲೆಟರ್’ ಎಂದು ಹೆಸರು.

ನಮ್ಮ ಧರ್ಮಕೇಂದ್ರದಲ್ಲಿ ಬೆಳೆದು ಈಗ ಅಮೆರಿಕದಲ್ಲಿ ನೆಲೆಸಿರುವ ಸಹೋದರಿಯೊಬ್ಬರು ತಾವು ಬರೆದ ಅಂಥ ಪತ್ರವನ್ನು ನನಗೆ ಕಳುಹಿಸಿ, “ಫಾದರ್, ದಾಕ್ಷಿಣ್ಯ ನೋಡಬೇಡಿ, ತಿದ್ದಿಕೊಡಿ” ಎಂದು ಕೇಳಿಕೊಂಡರು. ಆರು ವರ್ಷ ದುಡಿದು ಬರೆದ ಇಂಗ್ಲಿಷ್ ಕಾದಂಬರಿ ಅವರದು. ಪತ್ರದ ಅರ್ಧಭಾಗದಲ್ಲಿ ವಲಸೆ, ವಿಶ್ವಾಸ, ಕ್ಷಮೆ ಎಂಬ ದೊಡ್ಡ ಮಾತುಗಳಿದ್ದವು. ಉಳಿದರ್ಧದಲ್ಲಿ ತಾವು ಹೊಸಬರೆಂಬ ಸಂಕೋಚ. ತಾಯಿಯ ಮನೆಯನ್ನು ಮಾರಲು ಊರಿಗೆ ಬರುವ ಮಗಳು, ಆ ಮನೆಯಲ್ಲೇ ವಾಸವಾಗಿರುವ, ಇಪ್ಪತ್ತು ವರ್ಷಗಳಿಂದ ಆಕೆ ಮಾತು ಬಿಟ್ಟಿರುವ ಚಿಕ್ಕಪ್ಪ – ಇವರಿಬ್ಬರು ಕಾಣಿಸಿಕೊಂಡದ್ದು ಕೊನೆಯ ಸಾಲಿನಲ್ಲಿ!

“ಚೆನ್ನಾಗಿದೆಯಮ್ಮಾ” ಎಂದು ಬರೆದುಬಿಡುವುದು ಸುಲಭವಾಗಿತ್ತು. ಆದರೆ ಏಜೆಂಟರು ನಿರಾಕರಿಸುವಾಗ ಕಾರಣ ಹೇಳುವುದು ಅಪರೂಪ. ಎಷ್ಟೋ ವೇಳೆ ಉತ್ತರವೇ ಬರುವುದಿಲ್ಲ. ನನ್ನ ಸಿಹಿಮಾತಿನ ಬೆಲೆಯನ್ನು ಅವರು ತೆರಬೇಕಾಗುತ್ತಿತ್ತು. ಆದ್ದರಿಂದ ಕೆಲವು ಪ್ರಶ್ನೆಗಳನ್ನು ಬರೆದು ಕಳುಹಿಸಿದೆ: ಈ ಕಥೆ ಯಾರದು? ಆಕೆಗೆ ಬೇಕಾದುದೇನು? ಅಡ್ಡ ನಿಂತಿರುವುದೇನು? ಸೋತರೆ ಆಕೆ ಕಳೆದುಕೊಳ್ಳುವುದೇನು? ಕಡೆಯ ಸಾಲನ್ನು ಮೊದಲಿಗೆ ತನ್ನಿ. ಕೃತಿಯ ಬಗೆ, ಪದಸಂಖ್ಯೆ, ನಿಮ್ಮ ಪರಿಚಯ ಎರಡು ಸಾಲಿನಲ್ಲಿ ಸಾಕು. ಸಂಕೋಚದ ಮಾತುಗಳನ್ನು ತೆಗೆಯಿರಿ ಎಂದೆ.

ಸಂತ ಪೌಲರು ಫಿಲೆಮೋನನಿಗೆ ಬರೆದ ಪತ್ರ ನೆನಪಿಗೆ ಬಂತು. ಸೆರೆಯಿಂದ ಬರೆದ ಆ ಪತ್ರದಲ್ಲಿ ಇರುವುದು 25 ವಚನಗಳು ಮಾತ್ರ. ಪ್ರೀತಿಯ ಬಗ್ಗೆ ಅಲ್ಲಿ ದೀರ್ಘ ಬೋಧನೆಯಿಲ್ಲ. ಒನೇಸಿಮ ಎಂಬ ಒಬ್ಬ ಮನುಷ್ಯನಿದ್ದಾನೆ. ಅವನನ್ನು ದಾಸನಂತಲ್ಲ, ಸಹೋದರನಂತೆ ಸ್ವೀಕರಿಸು ಎಂಬುದೇ ಮುಖ್ಯ ಬೇಡಿಕೆ.

ತಿದ್ದುವವನಿಗೂ ಮಿತಿಯುಂಟು. ಕಥೋಲಿಕ ಲೇಖಕಿ ಫ್ಲಾನರಿ ಓಕಾನರ್ 1948ರಲ್ಲಿ, ತಮ್ಮ 23ನೆಯ ವಯಸ್ಸಿನಲ್ಲಿ, ಎಲಿಜಬೆತ್ ಮೆಕ್ಕೀ ಎಂಬ ಏಜೆಂಟರಿಗೆ ಪತ್ರ ಬರೆದು ತಮ್ಮ ಕೃತಿಯ ಹೊಣೆ ವಹಿಸಿಕೊಳ್ಳುವಂತೆ ಕೋರಿದ್ದರು. ಮರುವರ್ಷ ಸಂಪಾದಕರೊಬ್ಬರು ಆ ಕಾದಂಬರಿಯ ಸ್ವರೂಪವನ್ನೇ ಬದಲಿಸಬಯಸಿದಾಗ, ತಾವು ಮಾಡಹೊರಟಿರುವ ಕೆಲಸದ ಎಲ್ಲೆಯೊಳಗಿನ ಟೀಕೆಯನ್ನು ಮಾತ್ರ ಸ್ವೀಕರಿಸುವುದಾಗಿ ವಿನಯದಿಂದಲೇ ತಿಳಿಸಿದರು. ‘ವೈಸ್ ಬ್ಲಡ್’ ಎಂಬ ಆ ಕಾದಂಬರಿ 1952ರಲ್ಲಿ ಬೇರೊಂದು ಪ್ರಕಾಶನದಿಂದ ಹೊರಬಂತು.

ನಮ್ಮ ಸಹೋದರಿಯೂ ಹಾಗೆಯೇ ಮಾಡಿದರು. ಪತ್ರವನ್ನು ಹೊಸದಾಗಿ ಬರೆದರು. ನಾನು ಸೂಚಿಸಿದ ಒಂದು ಬದಲಾವಣೆಯನ್ನು ಮಾತ್ರ ಒಪ್ಪಲಿಲ್ಲ. ನನಗೆ ಸಂತೋಷವೇ ಆಯಿತು. ಪತ್ರ ಅವರದಾಗಿಯೇ ಉಳಿಯಿತು. ಈಗ ಅದು ಹಲವು ಏಜೆಂಟರ ಕೈಸೇರಿದೆ. ಉತ್ತರ ಇನ್ನೂ ಬಂದಿಲ್ಲ.

ಪ್ರಿಯರೇ, ಮಗಳು ಬರೆದ ಪ್ರಬಂಧವನ್ನೋ ಮಗನ ಉದ್ಯೋಗದ ಅರ್ಜಿಯನ್ನೋ ಮಕ್ಕಳು ನಮ್ಮ ಮುಂದೆ ಹಿಡಿಯುವ ಗಳಿಗೆ ಪ್ರತಿಯೊಂದು ಮನೆಯಲ್ಲೂ ಬರುತ್ತದೆ. ಆಗ ಬರಿಯ ಹೊಗಳಿಕೆ ಪ್ರೀತಿಯಲ್ಲ, ಬರಿಯ ಕಟುನುಡಿ ಸತ್ಯವೂ ಅಲ್ಲ. ಪೂರ್ತಿ ಓದಿ, ಅವರು ಹೇಳಹೊರಟಿರುವುದನ್ನು ಅವರಿಗೇ ಕಾಣುವಂತೆ ಮಾಡೋಣ. ಬರೆಯುವ ಕೈ ಅವರದೇ ಆಗಿರಲಿ.