ದೊಡ್ಡಹುಣಸೆಯ ವಯಸ್ಸು

ಮಹಾವೃಕ್ಷವೊಂದರ ಎದುರು ನಿಂತ ಮುದುಕನು ಮೊದಲು ವಿಚಾರಿಸುವುದು ಅದರ ವಯಸ್ಸನ್ನು. ಪ್ರಾಯಶಃ ತನಗಿಂತ ಹಿರಿಯರು ಲೋಕದಲ್ಲಿ ಇನ್ನೂ ಉಳಿದಿದ್ದಾರೆಂಬ ಸಮಾಧಾನಕ್ಕಾಗಿ. ಹುಡುಗರಾದರೋ ಅದನ್ನು ಹತ್ತಬಹುದೇ, ಅದರ ಹಿಂದೆ ಅಡಗಬಹುದೇ ಎಂಬುದನ್ನಷ್ಟೇ ಕೇಳುತ್ತಾರೆ. ಈ ಎರಡು ಪಕ್ಷಗಳನ್ನೂ ಒಂದೇ ಕಾರಿನಲ್ಲಿ ತುಂಬಿಕೊಂಡು, ದಸರೆಯ ರಜೆಯಲ್ಲಿ ಬೆಂಗಳೂರಿನಿಂದ ಸವಣೂರಿಗೆ ಹೊರಟ ನನ್ನ ಅಳಿಯನ ಸಹನೆಯನ್ನು ಮೆಚ್ಚಲೇಬೇಕು.

ಸಿರಾ ದಾಟುವ ಮುನ್ನವೇ “ಮರ ಬಂತಾ ತಾತ?” ಎಂದು ಪ್ರಾರಂಭವಾದ ಪ್ರಶ್ನೆ, ಚಿತ್ರದುರ್ಗದ ಗುಡ್ಡಗಳ ಮೇಲಣ ಗಾಳಿಯಂತ್ರಗಳನ್ನು ಕಂಡು ಒಂದು ಗಳಿಗೆ ನಿಂತು, ದಾವಣಗೆರೆಯ ಬೆಣ್ಣೆದೋಸೆಯ ಸನ್ನಿಧಿಯಲ್ಲಿ ಪೂರ್ಣ ಶಾಂತವಾಯಿತು. ಆ ಬೆಣ್ಣೆಯ ಫಲವನ್ನು ಕಿರಿಯವಳು ರಾಣೆಬೆನ್ನೂರಿನ ಬಳಿ ರಸ್ತೆಯ ಅಂಚಿನಲ್ಲಿ ಹಿಂದಿರುಗಿಸಿದಳು. ಮುಂದೆ ಹೆದ್ದಾರಿಯನ್ನು ಬಿಟ್ಟು ಒಳಗೆ ತಿರುಗಿದರೆ ಸವಣೂರು: ಒಂದು ಕಾಲಕ್ಕೆ ನವಾಬರ ಸಂಸ್ಥಾನ, ಸತ್ಯಬೋಧ ತೀರ್ಥರ ಬೃಂದಾವನವಿರುವ ಕ್ಷೇತ್ರ, ವೀಳ್ಯದೆಲೆಗೆ ಹೆಸರಾದ ಊರು, 1909ರಲ್ಲಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ ಸ್ಥಳ. ಇದೆಲ್ಲವನ್ನೂ ನಾನು ಹೇಳುತ್ತಿದ್ದಂತೆಯೇ ಮಕ್ಕಳು ಕಾರಿನಿಂದಿಳಿದು ದೊಡ್ಡಹುಣಸೆ ಮರಗಳಿರುವ ಮಠದ ಆವರಣದೊಳಕ್ಕೆ ಓಡಿದ್ದರು.

ಅಲ್ಲಿ ಮೂರು ಮರಗಳು. ಹುಣಸೆಗೂ ಇವಕ್ಕೂ ಹುಳಿಯೊಂದನ್ನು ಬಿಟ್ಟರೆ ಬೇರೆ ನಂಟಿಲ್ಲ. ಬೂರುಗದ ಬಳಗಕ್ಕೆ ಸೇರಿದ ಈ ವೃಕ್ಷದ ಮೂಲಭೂಮಿ ಆಫ್ರಿಕಾ. ಕಡಲ ವ್ಯಾಪಾರಿಗಳು ತಂದರೆಂದು ಕೆಲವರು, ಶ್ರೀಕೃಷ್ಣನೇ ತಂದು ನೆಟ್ಟನೆಂದು ಕೆಲವರು. ಬೂದುಬಣ್ಣದ ತೊಗಟೆಯಲ್ಲಿ ಮಡಿಕೆಯ ಮೇಲೆ ಮಡಿಕೆ. ಬುಡದ ಗಾತ್ರಕ್ಕೆ ಸ್ವಲ್ಪವೂ ಒಪ್ಪದ ಗಿಡ್ಡ ಕೊಂಬೆಗಳು. ಆ ಕೊಂಬೆಗಳಲ್ಲಿ ಐದೈದಾಗಿ ಹರಡಿದ ಎಲೆಗಳು. ಮರವನ್ನು ಸುತ್ತಿ ಬಂದ ಮೊಮ್ಮಗನು ಅದನ್ನು ಆಪಾದಮಸ್ತಕ ನೋಡಿ, “ಇದಕ್ಕೆ ಊಟ ಜಾಸ್ತಿಯಾಗಿದೆ” ಎಂದು ತೀರ್ಪಿತ್ತನು. ಊಟವಲ್ಲ, ನೀರು ಎಂದು ತಿದ್ದಿದೆ. ಸೊರೆಯಂತೆ ಮೃದುವಾದ ಆ ಕಾಂಡವು ನೀರನ್ನು ಹೀರಿಕೊಂಡು ಹಿಡಿದಿಡುವಂಥದು. ತೊಲೆಗೂ ಬಾರದು, ಬಾಗಿಲಿಗೂ ಬಾರದು.

ನನ್ನ ಪ್ರಶ್ನೆಯನ್ನು ಅಲ್ಲಿದ್ದ ವೃದ್ಧರೊಬ್ಬರ ಮುಂದಿಟ್ಟೆ. “ಯಾರಿಗ್ ಗೊತ್ರೀ? ನಮ್ಮಜ್ಜ ಸಣ್ಣಾಂವ ಇದ್ದಾಗನೂ ಇಷ್ಟ ದಪ್ಪ ಇತ್ತಂತ್ರೀ” ಎಂದರು ಅವರು. ಇದಕ್ಕಿಂತ ಪ್ರಾಮಾಣಿಕವಾದ ಉತ್ತರವನ್ನು ಪಂಡಿತರಿಂದಲೂ ನಿರೀಕ್ಷಿಸುವಂತಿಲ್ಲ. ಈ ಮರದ ಕುಲಕ್ಕೇ ತನ್ನ ಹೆಸರನ್ನು ಕೊಟ್ಟ ಫ್ರೆಂಚ್ ಸಸ್ಯವಿಜ್ಞಾನಿ ಮಿಶೆಲ್ ಅಡಾನ್ಸನ್ 1749ರಲ್ಲಿ ಸೆನೆಗಲ್‌ಗೆ ಹೋದವನು, ಹಿಂದಿನ ಶತಮಾನಗಳ ಐರೋಪ್ಯ ನಾವಿಕರು ಕಾಂಡದಲ್ಲಿ ಕೊರೆದುಹೋಗಿದ್ದ ಹೆಸರುಗಳನ್ನು ಕಂಡು, ಆ ಅಕ್ಷರಗಳ ಮೇಲೆ ಎಷ್ಟು ಮರ ಬೆಳೆದಿದೆಯೆಂದು ಗಣಿತ ಮಾಡಿ, ಆಯುಸ್ಸು ಐದು ಸಾವಿರ ವರ್ಷಗಳನ್ನು ಮೀರೀತೆಂದು ಸಾರಿದನು. ನೂರು ವರ್ಷಗಳ ತರುವಾಯ ಪಾದ್ರಿ ಲಿವಿಂಗ್‌ಸ್ಟನ್ ತಕರಾರೆತ್ತಿದನು: ನೋಹನ ಜಲಪ್ರಳಯವನ್ನು ಕಂಡ ಮರ ಇಂದೂ ನಿಂತಿರುವುದೆಂದರೆ ಅವನು ನಂಬಲಾರ. ಕಾಂಡದೊಳಗಿನ ಉಂಗುರಗಳು ಅಸ್ಪಷ್ಟ. ಎಷ್ಟೋ ವೇಳೆ ಹಲವು ಕಾಂಡಗಳು ಕೂಡಿ ಒಂದಾಗಿರುವುದರಿಂದ ಸುತ್ತಳತೆಯೂ ಸಾಕ್ಷಿಯಾಗದು. ಕಡೆಗೆ ಇಂಗಾಲದ ಪರೀಕ್ಷೆಯೇ ಬರಬೇಕಾಯಿತು. ಜಿಂಬಾಬ್ವೆಯಲ್ಲಿ 2011ರಲ್ಲಿ ಅಳಿದ ಪಾಂಕೆ ಎಂಬ ಮರವು ಸುಮಾರು 2,450 ವರ್ಷ ಬಾಳಿತ್ತೆಂದು ಅದರಿಂದ ತಿಳಿಯಿತು. ಅಡಾನ್ಸನ್ನನ ಲೆಕ್ಕಕ್ಕೆ ಅರ್ಧದಷ್ಟು; ಆದರೂ ನನಗೆ ಸಾಕು.

ಮಕ್ಕಳು ಅಷ್ಟರಲ್ಲಿ ತಾಯಿತಂದೆಯರನ್ನೂ, ಯಾರೋ ಇಬ್ಬರು ಶಾಲೆಯ ಹುಡುಗರನ್ನೂ ಎಳೆದು ತಂದು, ಕೈಗೆ ಕೈ ಹಿಡಿಸಿ ಮರವನ್ನು ಅಪ್ಪಿಸತೊಡಗಿದ್ದರು. ಸರಪಳಿಯ ತುದಿಗಳು ಕೂಡಲೊಲ್ಲವು. ಇರುವೆಗೆ ಹೆದರುವ ನನ್ನ ಮಗಳೂ ತೊಗಟೆಗೆ ಕೆನ್ನೆಯೊತ್ತಿ ನಿಂತಿದ್ದಳು. “ತಾತ, ನೀವೂ ಬನ್ನಿ!” ಎಂಬ ಆಜ್ಞೆಯಾಯಿತು, ನಾನು ಸೇರಿದ ಮೇಲೂ ಒಂದು ಮಾರು ಬಾಕಿಯೇ ಉಳಿಯಿತು.

ಅನಂತರ, 2023ರ ಜುಲೈ ತಿಂಗಳಲ್ಲಿ, ಮೂರರಲ್ಲೊಂದು ಮರ ಬುಡಸಹಿತ ಉರುಳಿತು. ಯಂತ್ರಗಳನ್ನು ತರಿಸಿ ಅದನ್ನೆತ್ತಿ ಮರಳಿ ನೆಟ್ಟರೆಂಬ ವರ್ತಮಾನವನ್ನು ಪತ್ರಿಕೆಯಿಂದ ಓದಿ ಹೇಳಿದಾಗ, ಮೊಮ್ಮಗನು ಮೊಟ್ಟಮೊದಲ ಬಾರಿಗೆ ನನ್ನ ಪಕ್ಷದ ಪ್ರಶ್ನೆಯೊಂದನ್ನು ಕೇಳಿದನು: “ಹಾಗಾದರೆ ಅದರ ವಯಸ್ಸನ್ನು ಇನ್ನು ಒಂದರಿಂದ ಎಣಿಸಬೇಕಾ ತಾತ?” ವಕೀಲನಾದ ನನ್ನ ಅಳಿಯ ಎಣಿಸಬೇಕೆನ್ನುತ್ತಾನೆ. ನಾನು ಒಪ್ಪಿಲ್ಲ.