ಏರುವುದಕ್ಕಿಂತ ಇಳಿಯುವುದೇ ದೊಡ್ಡದು



ಆಗಸ್ಟ್ 15 ರಂದು ನಮ್ಮ ಶಾಲೆಯ ಅಂಗಳದಲ್ಲಿ ಧ್ವಜಾರೋಹಣವಾದ ಮೇಲೆ ಹುಡುಗಿಯರ ಪಿರಾಮಿಡ್ ಇದೆ. ಎಲ್ಲರಿಗಿಂತ ಹಗುರ ಇದ್ದೇನೆಂದು ಪಿ.ಟಿ. ಮಾಸ್ತರರು ತುದಿಗೆ ಏರಲು ನನ್ನನ್ನು ಆರಿಸಿದ್ದಾರೆ. ಅಮೆರಿಕದ ಚಿಯರ್‌ಲೀಡಿಂಗ್ ಆಟದಲ್ಲಿ ಹೀಗೆ ಮೇಲೇರುವವಳಿಗೆ ‘ಫ್ಲೈಯರ್’, ಅಂದರೆ ಹಾರುವವಳು ಎನ್ನುತ್ತಾರೆ. ನಮ್ಮ ಊರಲ್ಲಿ ನನಗೆ ‘ತುದಿ ಹುಡುಗಿ’ ಎಂದು ಹೆಸರು ಬಿದ್ದಿದೆ.

ಮೊದಲು ಅವ್ವ ಒಪ್ಪಲಿಲ್ಲ. “ನೀ ಏರೂದ ಬ್ಯಾಡ. ಬಿದ್ದು ಕೈ ಮುರಕೊಂಡ್ರ ಕೂಲಿ ಬಿಟ್ಟು ಹುಬ್ಬಳ್ಳಿ ದವಾಖಾನಿಗೆ ಯಾರ ಅಡ್ಡಾಡೂದು?” ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾಸ್ತರರಿಗೆ ಹೇಳಿದೆ. ಅವರು, “ಹಂಗಾದ್ರ ಮೊದಲ ಇಳಿಯೂದ ಕಲಿ” ಎಂದರು.

ಎಂಟು ದಿನ ನಾನು ಯಾರ ಬೆನ್ನೂ ಹತ್ತಲಿಲ್ಲ. ಕಟ್ಟೆಯಿಂದ ಉಸುಕಿನ ಮೇಲೆ ಜಿಗಿಯುವುದಷ್ಟೇ ಕೆಲಸ. ಎರಡೂ ಕಾಲು ಕೂಡಿ ಬರಬೇಕು. ಮುಂಗಾಲು ಮೊದಲು ಊರಬೇಕು, ಆಮೇಲೆ ಹಿಮ್ಮಡಿ. ಮೊಣಕಾಲು ಬಾಗಬೇಕು. ಕಾಲು ಸೆಟೆದರೆ ಪೆಟ್ಟು ನೇರ ಮೊಣಕಾಲಿಗೂ ಬೆನ್ನಿಗೂ ಹೋಗುತ್ತದೆ. ಆಮೇಲೆ ಏರುವುದನ್ನು ಕಲಿಸಿದರು. ಹಿಂದಿನಿಂದ ಏರಬೇಕು. ಬೆನ್ನಿನ ನಡುವೆ ಕಾಲಿಡಬಾರದು, ಸೊಂಟದ ಮೇಲೆ ಇಡಬೇಕು.

ನಮ್ಮ ಪಿರಾಮಿಡ್ಡಿನಲ್ಲಿ ಕೆಳಗೆ ನಾಲ್ವರು ಮಂಡಿಯೂರಿ, ಕೈ ಊರಿ ಇರುತ್ತಾರೆ. ಅವರ ಮೇಲೆ ಮೂವರು, ಆಮೇಲೆ ಇಬ್ಬರು, ತುದಿಗೆ ನಾನು. ಗಣಿತದ ಅಕ್ಕೋರು ಒಂದು ಲೆಕ್ಕ ಮಾಡಿಸಿದರು. ಒಬ್ಬೊಬ್ಬರ ತೂಕ 30 ಕಿಲೋ ಎಂದು ಹಿಡಿಯಿರಿ. ಪ್ರತಿಯೊಬ್ಬರ ಭಾರ ಕೆಳಗಿನ ಇಬ್ಬರಿಗೆ ಅರ್ಧರ್ಧ ಹೋಗುತ್ತದೆ. ಆಗ ಕೆಳಸಾಲಿನ ಅಂಚಿನವರ ಮೇಲೆ ಸುಮಾರು 26 ಕಿಲೋ, ನಡುವಿನ ಇಬ್ಬರ ಮೇಲೆ ತಲಾ ಸುಮಾರು 64 ಕಿಲೋ ಬರುತ್ತದೆ. ಅಂದರೆ 50 ಕಿಲೋದ ಗೊಬ್ಬರದ ಚೀಲಕ್ಕಿಂತ ಹೆಚ್ಚು! ಅದಕ್ಕೇ ನಡುವೆ ಗಟ್ಟಿಮುಟ್ಟಾದವರು ಇರಬೇಕು.

ನಡುವಿನವಳು ನನ್ನ ಗೆಳತಿ. ಅವಳ ಅಂಗೈಯಲ್ಲಿ ಹರಳು ಒತ್ತಿದ ಕೆಂಪು ಗುರುತು ಇದ್ದವು. ಅವಳು, “ನಿನಗ ಮ್ಯಾಲಿಂದ ಊರೆಲ್ಲಾ ಕಾಣತೈತಿ, ನನಗ ಬರೇ ಮಣ್ಣ ಕಾಣತೈತಿ. ಲಗೂನ ಇಳಿ, ಆದರ ಜಿಗೀಬ್ಯಾಡ” ಎಂದಳು. ನಿಜ. ನಾನು ಮೇಲಿಂದ ಒದ್ದು ಜಿಗಿದರೆ ಆ ಒದೆತ ಕೆಳಗಿನವರ ಬೆನ್ನಿಗೇ ಹೋಗುತ್ತದೆ. ಅದಕ್ಕೆ ಒಂದನೇ ಸೀಟಿಗೆ ಕುಳಿತು ಹೆಗಲು ಹಿಡಿಯುತ್ತೇನೆ. ಎರಡನೇ ಸೀಟಿಗೆ ಹಿಂದಕ್ಕೆ ಇಳಿಯುತ್ತೇನೆ. ಸೊಂಟ ಹಿಡಿಯಲು ಎಂಟನೇ ತರಗತಿಯ ಇಬ್ಬರು ಅಕ್ಕಂದಿರು ಹಿಂದೆ ನಿಂತಿರುತ್ತಾರೆ. ನಾನಾದ ಮೇಲೆ ಸಾಲು ಸಾಲಾಗಿ ಉಳಿದವರು.

ಸ್ಪೇನ್ ದೇಶದ ಕೆಟಲೋನಿಯಾದಲ್ಲಿಯೂ ಇಂಥ ಮಾನವ ಗೋಪುರ ಕಟ್ಟುತ್ತಾರೆ. ತುದಿಗೆ ಚಿಕ್ಕ ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಏರುತ್ತಾರೆ. 2010 ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯ ಸ್ಪರ್ಧೆಯಲ್ಲಿ ಗೋಪುರ ಕಟ್ಟಿದರೆ ಸಾಲದು, ಬೀಳದೆ ಇಳಿದರೇ ಪೂರ್ತಿ ಅಂಕ.

ಕಳೆದ ಶನಿವಾರ ಅವ್ವ ಶಾಲೆಗೆ ಬಂದಿದ್ದಳು. ನಾನು ಏರುವಾಗ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಇಳಿದದ್ದನ್ನು ಮಾತ್ರ ನೋಡಿದಳು. “ಹೂಂ, ಏರು” ಎಂದಳು.

ಆ ದಿನ ನನ್ನ ಕೈಯಲ್ಲಿ ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾದ ಖಾದಿ ಧ್ವಜ ಇರುತ್ತದೆ. ಧ್ವಜ ನೆಲಕ್ಕೆ ತಾಗಬಾರದು. ಅದನ್ನು ಮೊದಲು ಅಕ್ಕನ ಕೈಗೆ ಕೊಟ್ಟು ಆಮೇಲೆ ಇಳಿಯುತ್ತೇನೆ. ನಾನು ತುದಿಯಲ್ಲಿ ನಿಂತಾಗ ನೀವು ಚಪ್ಪಾಳೆ ಹೊಡೆಯುತ್ತೀರಿ. ಕೆಳಸಾಲಿನ ನಾಲ್ವರು ಎದ್ದು ಕೈಯ ಮಣ್ಣು ಝಾಡಿಸಿದಾಗ ಇನ್ನೊಮ್ಮೆ ಜೋರಾಗಿ ಹೊಡೆಯಿರಿ.